ಸೋರುವ ಮೂಲೆಯ ಡಬ್ಬಿ

ತಗಡಿನ ಚಾಚಾರ ಗಡ್ಡ ಎಡಗಡೆ ಬೆಳ್ಳಗಿತ್ತು, ಬಲಗಡೆ ಕಂದಾಗಿತ್ತು. ಬೆಸುಗೆ ಹಾಕುವಾಗ ಅವರು ಬಲಕ್ಕೆ ವಾಲಿ, ಇದ್ದಿಲ ಒಲೆಗೆ ಮೂಗು ತಾಗುವಷ್ಟು ಬಗ್ಗಿ ಕೂರುತ್ತಿದ್ದರು. ಒಂದು ದಿನ ಇಡೀ ಗಡ್ಡ ಹೊತ್ತಿಕೊಂಡರೆ, ತಾನು ಎಂಥ ಮುಖವನ್ನು ಮದುವೆಯಾಗಿದ್ದೇನೆಂದು ಆಗಲಾದರೂ ನೋಡಬಹುದು ಎಂದು ಚಾಚಿ ಅಣಕಿಸುತ್ತಿದ್ದರು. ಚಾಚಾ ತಲೆ ಎತ್ತುತ್ತಿರಲಿಲ್ಲ. ಬೆಸುಗೆ ಆರುವವರೆಗೆ ಅವರಿಗೆ ಹೆಂಡತಿಯೂ ಕೇಳಿಸುತ್ತಿರಲಿಲ್ಲ, ಗಿರಾಕಿಯೂ ಕಾಣಿಸುತ್ತಿರಲಿಲ್ಲ.

ಬೀದರಿನಲ್ಲಿ ಅವರ ಅಂಗಡಿ ನಮ್ಮ ಮನೆಯ ಎದುರಿಗೇ ಇತ್ತು. ಆಗಿನ್ನೂ ನಿಜಾಮರ ಆಳ್ವಿಕೆ. ನಾನು ದವಾಖಾನೆಯಲ್ಲಿ ಸೂಲಗಿತ್ತಿ ಕೆಲಸ ಕಲಿತು, ಔರಾದ ಕಡೆಯ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದೆ. ಕತ್ತರಿ, ದಾರ, ಹತ್ತಿ ಎಲ್ಲವನ್ನೂ ಕುದಿಸಿ, ಒಣಗಿಸಿ, ಅರಿವೆಯಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದರೆ ಸಂತಪುರ ಬರುವುದರೊಳಗೆ ಗಂಟಿನ ತುಂಬ ಧೂಳು. ಮಳೆಗಾಲದಲ್ಲಿ ಮಾಂಜ್ರಾ ಹೊಳೆ ದಾಟುವಾಗ ನೀರು. ಮಣ್ಣು ಹತ್ತಿದ ಕತ್ತರಿಯಿಂದ ಹೊಕ್ಕುಳಬಳ್ಳಿ ಕೊಯ್ದರೆ ಕೂಸಿಗೆ ಧನುರ್ವಾಯು ಬರುತ್ತದೆ. ದವಡೆ ಬಿಗಿದು, ಮೊಲೆ ಹಿಡಿಯಲಾಗದೆ, ವಾರದೊಳಗೆ ಹೋಗಿಬಿಡುತ್ತದೆ. ಅಂಥ ಕೂಸುಗಳನ್ನು ನಾನು ನೋಡಿದ್ದೆ. ಧೂಳೂ ನೀರೂ ಹೋಗದ ಡಬ್ಬಿಯೊಂದನ್ನು ಮಾಡಿಕೊಡಿ ಎಂದು ಚಾಚಾರನ್ನು ಕೇಳಿದ್ದು ಅದಕ್ಕೇ.

ಡಬ್ಬಿ ಎಂದರೆ ತಗಡು ಮಡಚಿ ಬಡಿಯುವುದು ಎಂದುಕೊಂಡಿದ್ದ ನನಗೆ ಅವರು ಬೇಸರ ಬರುವಷ್ಟು ಕಾಯಿಸಿದರು. ಮುಚ್ಚಳಕ್ಕೆ ಎರಡು ಅಂಚು ಮಾಡಿ, ನಡುವಿನ ಸಂದಿಯಲ್ಲಿ ಹಳೆಯ ಸೈಕಲ್ ಟ್ಯೂಬಿನ ರಬ್ಬರು ಕೂರಿಸಿದರು. ಎರಡೂ ಪಕ್ಕಕ್ಕೆ ಬಿಗಿಯಾದ ಕೊಂಡಿ ಇಟ್ಟರು. ಆಮೇಲೆ ಪರೀಕ್ಷೆ. ಒಳಗೆ ಬಿಳಿ ಮಲಮಲ್ ಬಟ್ಟೆ ಹಾಸಿ ಗಾಡಿಯ ಅಚ್ಚಿನ ಕೆಳಗೆ ಕಟ್ಟಿ ಕಳಿಸುತ್ತಿದ್ದರು. ಬಟ್ಟೆಯ ಮೇಲೆ ಕೆಂಪು ಧೂಳು ಕಂಡರೆ ಮುಚ್ಚಳ ಬಿಚ್ಚಿ ಮತ್ತೆ ಶುರು. ನೀರಿನ ಪರೀಕ್ಷೆಗೆ ಒಳಗೆ ಸುಟ್ಟ ಹಪ್ಪಳವಿಟ್ಟು, ಡಬ್ಬಿಯನ್ನು ಹೌದಿನ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರುತ್ತಿದ್ದರು. ಮರುದಿನ ಹಪ್ಪಳವನ್ನು ಕಿವಿಯ ಹತ್ತಿರ ಹಿಡಿದು ಮುರಿಯುವುದು. ಕಟ್ ಎಂದರೆ ಪಾಸು. ಮೆತ್ತಗೆ ಬಾಗಿದರೆ ಆ ಡಬ್ಬಿಗೆ ‘ಕಚ್ಚಾ’ ಎಂಬ ಬೈಗುಳ. ಮನೆಯ ಅಳಿಯನಿಗಿಂತ ಈ ಡಬ್ಬಿಗಳೇ ಹೆಚ್ಚು ಹಪ್ಪಳ ತಿಂದವು ಎಂದು ಚಾಚಿ ದೂರುತ್ತಿದ್ದರು. ಕೊನೆಗೆ ಸಿಕ್ಕ ಡಬ್ಬಿ ಮಾತ್ರ ಅಪ್ಪಟವಾಗಿತ್ತು. ಎಷ್ಟು ದೂರ ಹೋಗಿ ತೆರೆದರೂ ಹತ್ತಿ ಹತ್ತಿಯಾಗಿಯೇ ಇರುತ್ತಿತ್ತು. ಅದು ಬಂದ ಮೇಲೆ ನನ್ನ ಕೈಯಲ್ಲಿ ಯಾವ ಕೂಸಿನ ದವಡೆಯೂ ಬಿಗಿಯಲಿಲ್ಲ.

ಭಾಲ್ಕಿಗೆ ಕೊಟ್ಟಿದ್ದ ಅವರ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ಪೊಲೀಸ್ ಆ್ಯಕ್ಷನ್ ನಡೆದ ಆ ಭಾದ್ರಪದದಲ್ಲಿ. ನಾನು ಯಾವಾಗ ಯಾವ ಹಳ್ಳಿಯಲ್ಲಿರುತ್ತೇನೋ ಹೇಳಲಾಗದು. ಆದ್ದರಿಂದ ಒಂದು ಜೊತೆ ಸಾಮಾನು ಅವರ ಮನೆಯಲ್ಲೇ ಇರಲೆಂದು ನಾನೂ ಚಾಚಾರೂ ಮಾತಾಡಿಕೊಂಡಿದ್ದೆವು. ನಾನು ಇನ್ನೊಂದು ಕತ್ತರಿ ಸಂಪಾದಿಸಿದೆ. ಚಾಚಾ ಎರಡನೆಯ ಡಬ್ಬಿಗೆ ಕೈಹಾಕಿದರು. ಮಗಳಿಗಾಗಿ ಮಾಡಿದ ಆ ಡಬ್ಬಿಯೇ ಹಟ ಹಿಡಿಯಿತು. ಹಪ್ಪಳ ಪ್ರತಿಸಲವೂ ಬಾಗುತ್ತಿತ್ತು. ಒಂದು ಮೂಲೆಯಲ್ಲಿ ಎಲ್ಲೋ ಕಣ್ಣಿಗೆ ಕಾಣದ ಸೋರಿಕೆ.

ಅಂಥದರಲ್ಲಿ ಎಕಂಬಾದಿಂದ ಒಬ್ಬ ಗಾಡಿ ಕಟ್ಟಿಕೊಂಡು ಬಂದ. ಅವನ ಅತ್ತಿಗೆಗೆ ಬೇನೆ ಶುರುವಾಗಿತ್ತು. ಹಿಂದಿನ ಎರಡು ಕೂಸುಗಳೂ ದವಡೆ ಬಿಗಿದೇ ಸತ್ತಿದ್ದವಂತೆ. ಹಿಂದುಸ್ತಾನದ ಫೌಜು ಬರುತ್ತದೆಂದು ಊರಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಚಾಚಾರ ಮಗಳನ್ನು ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ. ಕುದಿಸಿದ ಎರಡನೆಯ ಕತ್ತರಿ, ದಾರ, ಹತ್ತಿ ತಂದು ಚಾಚಾರ ಮುಂದೆ ಇಟ್ಟು, ಸೋರಿದರೂ ಪರವಾಗಿಲ್ಲ, ಆ ಡಬ್ಬಿಯಲ್ಲೇ ಇಟ್ಟುಕೊಳ್ಳಿ ಎಂದೆ. ಅವರು ಡಬ್ಬಿಯನ್ನು ಹಿಂದಕ್ಕೆ ಸರಿಸಿದರು.

“ಕಚ್ಚಾ ಡಬ್ಬಿ ನನ್ನ ಮನ್ಯಾಗ ಇಡಾಂಗಿಲ್ಲರಿ ಬಾಯಿ. ನೀವು ಬರೋದ್ರಾಗ ಮೂಲಿ ಬಿಚ್ಚಿ ಮತ್ತ ಹಾಕಿರ್ತೇನಿ. ಮಗಳಿಗಿ ಇನ್ನಾ ದಿನಾ ಅವ. ಅಲ್ಲಿ ಆಕಿ ಕಾಯಲಿಕತ್ತಾಳ, ನೀವು ಹೋಗ್ರಿ.”

ಆ ಜೊತೆಯನ್ನು ಅರಿವೆಯಲ್ಲಿ ಸುತ್ತಿ ಅವರ ಮನೆಯ ಗೂಡಿನಲ್ಲಿಟ್ಟಿದ್ದರೂ ಆಗುತ್ತಿತ್ತು. ಆದರೆ ಅವರ ಡಬ್ಬಿ ನೋಡಿದ ಮೇಲೆ ನನಗೂ ಅರಿವೆಯ ಗಂಟೆಂದರೆ ಹೇಸಿಗೆ ಬಂದಿತ್ತು. ಎರಡೂ ಜೊತೆಯನ್ನು ನನ್ನ ಡಬ್ಬಿಯಲ್ಲೇ ತುಂಬಿಕೊಂಡು ಗಾಡಿ ಹತ್ತಿದೆ.

ಎಕಂಬಾದಲ್ಲಿ ಹೆರಿಗೆ ಸಸೂತ್ರವಾಯಿತು. ಆದರೆ ತಿರುಗಿ ಬರುವ ದಾರಿ ಮುಚ್ಚಿಹೋಯಿತು. ಫೌಜು ಬಂದೇಬಿಟ್ಟಿತ್ತು, ಗಾಡಿ ಹೂಡಲು ಯಾರೂ ಒಪ್ಪಲಿಲ್ಲ. ಮಾಂಜ್ರಾ ಬೇರೆ ದಂಡೆ ತುಂಬಿ ಹರಿಯುತ್ತಿತ್ತು. ಅಂತೂ ಹತ್ತು ದಿನದ ಮೇಲೆ ಬೀದರು ಮುಟ್ಟಿದಾಗ ನಮ್ಮ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಚಾಚಾ ಒಬ್ಬರೇ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

“ಎಕಂಬಾದಾಕಿ ಹ್ಯಾಂಗ ಅದಾಳರಿ?”

ತಾಯಿ, ಕೂಸು ಇಬ್ಬರೂ ಛಲೋ ಇದ್ದಾರೆ ಎಂದೆ. ಅಲ್ಲಾಹನಿಗೆ ಶುಕ್ರಿಯಾ ಹೇಳಿ ಮನೆಯ ಬಾಗಿಲು ತೆರೆದರು.

ಒಳಗೆ ಮಗಳ ತೊಡೆಯ ಮೇಲೆ ಗಂಡು ಕೂಸಿತ್ತು. ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು. ಅವಳು ಬೆರಳಲ್ಲಿ ಹಾಲು ಅದ್ದಿ ತುಟಿಗೆ ಹಚ್ಚುತ್ತಿದ್ದಳು, ಹಾಲು ಕೆನ್ನೆಗೆ ಇಳಿಯುತ್ತಿತ್ತು. ಗುಂಡಿನ ಸದ್ದಿಗೆ ಹೆದರಿ ಬೇನೆ ಮೊದಲೇ ಬಂದಿತ್ತಂತೆ. ಹೊರಗೆ ಹೋಗುವಂತಿರಲಿಲ್ಲ. ಚಾಚಿಯೂ ಪಕ್ಕದ ಮನೆಯ ಮುದುಕಿಯೂ ಸೇರಿ ಹೆರಿಗೆ ಮಾಡಿಸಿದ್ದರು. ಬಳ್ಳಿ ಕೊಯ್ಯಲು ಕತ್ತರಿ ಬೇಕೆಂದಾಗ ಚಾಚಾ ಅಂಗಡಿಯಿಂದ ತಮ್ಮ ತಗಡಿನ ಕತ್ತರಿಯನ್ನು ಲುಂಗಿಗೆ ಒರೆಸಿ ತಂದುಕೊಟ್ಟಿದ್ದರು. ಆ ಗಾಬರಿಯಲ್ಲಿ ಕುದಿಸುವುದು ಯಾರಿಗೂ ಹೊಳೆಯಲಿಲ್ಲ. ಕೂಸು ಮರುದಿನ ತೀರಿಕೊಂಡಿತು.

ಆಮೇಲೆ ಚಾಚಾ ಡಬ್ಬಿ ಮಾಡುವುದನ್ನು ಬಿಡಲಿಲ್ಲ, ಪರೀಕ್ಷೆ ಮಾಡುವುದನ್ನು ಬಿಟ್ಟರು. ಬೆಸುಗೆ ಆರುವ ಮೊದಲೇ ಕೊಟ್ಟುಬಿಡುತ್ತಿದ್ದರು. ಚಾಚಾನ ಕೈಚಳಕ ಹೋಯಿತು ಎಂದು ಗಿರಾಕಿಗಳು ಆಡಿಕೊಂಡರು. ಒಂದು ದಿನ ಆ ಎರಡನೆಯ ಡಬ್ಬಿಯನ್ನು ತಾವೇ ತಂದು ನಮ್ಮ ಮನೆಯ ಹೊಸ್ತಿಲ ಮೇಲಿಟ್ಟರು.

“ಮೂಲಿ ಇನ್ನಾ ಸೋರ್ತದರಿ. ಇರ್ಲಿ, ಯಾರರೆ ಮನ್ಯಾಗ ಇಟ್ಟು ಬರ್ರಿ. ಖಾಲಿ ಇಡಬ್ಯಾಡ್ರಿ.”

ಅಂದಿನಿಂದ ನಾನು ಊರೂರಲ್ಲಿ ಬಸುರಿಯರ ಮನೆಗಳಲ್ಲಿ ಒಂದೊಂದು ಜೊತೆ ಸಾಮಾನು ಮೊದಲೇ ಇಟ್ಟು ಬರುತ್ತಿದ್ದೆ. ಡಬ್ಬಿ ಸಿಕ್ಕರೆ ಡಬ್ಬಿಯಲ್ಲಿ, ಇಲ್ಲದಿದ್ದರೆ ಗಡಿಗೆಯಲ್ಲಿ. ಎಷ್ಟೋ ಕೂಸುಗಳು ಅದರಿಂದ ಉಳಿದವು. ಆ ಬುದ್ಧಿ ನನಗೆ ಬರಲು ಅವರ ಮೊಮ್ಮಗ ಹೋಗಬೇಕಾಯಿತೆಂಬುದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಚಾಚಾ ಬಹಳ ದಿನ ಬದುಕಲಿಲ್ಲ. ಕೆಮ್ಮಿನಲ್ಲೇ ಹೋದರು. ಅವರ ಮಗಳಿಗೆ ಭಾಲ್ಕಿಯಲ್ಲಿ ಮತ್ತೆ ಹೆರಿಗೆಯಾಯಿತು. ಈ ಸಲ ನಾನು ಮೊದಲೇ ಹೋಗಿ ಅವಳ ಹತ್ತಿರವೇ ಇದ್ದೆ. ಹೆಣ್ಣು ಕೂಸು, ಹುಟ್ಟುತ್ತಲೇ ಓಣಿಗೆಲ್ಲ ಕೇಳುವಂತೆ ಅತ್ತಿತು. ಬೀದರಿಗೆ ಬಂದು ಗಾಡಿಯಿಂದ ಇಳಿದವಳು, ಇಬ್ಬರೂ ಛಲೋ ಇದ್ದಾರೆಂದು ಚಾಚಾರಿಗೆ ಹೇಳಲು ಮನೆಗೂ ಹೋಗದೆ ಎದುರಿನ ಅಂಗಡಿಯ ಕಡೆ ನಡೆದುಬಿಟ್ಟೆ. ಅಲ್ಲಿ ಯಾರೋ ಹೊಸಬರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಏನು ಬೇಕಿತ್ತು ಎಂದು ಕೇಳಿದರು.