ನೀರು ಕೊಡುವ ಮನೆಗಳು

ಹೋದ ವಾರ ಸ್ಟಾಫ್ ರೂಮಿನಲ್ಲಿ ಯಾರೋ ನೋವಿನ ಮುಲಾಮಿನ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ನಮ್ಮ ಓಣಿಯ ನರ್ಸಮ್ಮ ಪಕ್ಕದಲ್ಲೇ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಾರೆ ಅನ್ನಿಸಿತು...

ಅವರು ನಮ್ಮ ಎದುರು ಮನೆಯವರು. ಸುತ್ತಲ ಹಳ್ಳಿಗಳಲ್ಲಿ ಹೆರಿಗೆ, ಚುಚ್ಚುಮದ್ದು ಎಂದು ದುಡಿದು ನಿವೃತ್ತರಾಗಿದ್ದರು. ಸರ್ವಿಸ್ ಪೂರ್ತಿ ಬಸ್ಸಿನಲ್ಲಿ, ಟಂಟಂ ಆಟೋದಲ್ಲಿ, ಕಾಲ್ನಡಿಗೆಯಲ್ಲಿ ಕಳೆದಿತ್ತು. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ ಮುಟ್ಟಿ ಬೈಸಿಕೊಂಡಿದ್ದರಂತೆ. ನಾನು ಸೈಕಲ್ ಮೇಲೆ ಶಾಲೆಗೆ ಪಾಠ ಮಾಡಲು ಹೋಗುವುದನ್ನು ದಿನಾ ಗೇಟಿನಲ್ಲಿ ನಿಂತು ನೋಡುತ್ತಿದ್ದವರು ಒಂದು ಬೆಳಿಗ್ಗೆ ಸೀರೆ ಬಿಟ್ಟು ಚೂಡಿದಾರ ತೊಟ್ಟು ಬಂದು, "ನನಗೂ ಕಲಸವಾ" ಎಂದರು.

ಕಾಲೇಜು ಮೈದಾನದಲ್ಲಿ ಕಲಿಸಿದೆ. ಬೀಳುವುದು, ಏಳುವುದು, ಮುಲಾಮು ಹಚ್ಚುವುದು... ಒಂದು ದಿನ ಹಿಡಿತ ಸಿಕ್ಕಿದ್ದೇ ಮೈದಾನ ದಾಟಿ, ಗೇಟು ದಾಟಿ, ರಸ್ತೆಗೇ ಹೋಗಿಬಿಟ್ಟರು. ಏದುಸಿರು ಬಿಡುತ್ತಾ ಓಡಿ ಹೋದರೆ ಬೇವಿನ ಮರಕ್ಕೆ ಆತುಕೊಂಡು ನಿಂತಿದ್ದರು. "ನಿಲ್ಲಸೋದು ಕಲಸೇ ಇಲ್ಲಲ್ಲವಾ ನೀನು."

ಆಗ ನಾನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೈಕಲ್ ಸವಾರರಿಗೆಲ್ಲ ಒಂದು ವೆಬ್‌ಸೈಟ್ ಕಟ್ಟುತ್ತಿದ್ದೆ. ಊರಿಗೊಂದು ವಾಟ್ಸಾಪ್ ಗುಂಪಿತ್ತು. ಒಬ್ಬರ ಸುದ್ದಿ ಇನ್ನೊಬ್ಬರಿಗಿರಲಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳೆಂದು ಕೆಲಸ ನನ್ನ ಪಾಲಿಗೆ ಬಂತು. ದಾರಿಗಳ ನಕ್ಷೆ, ಭಾನುವಾರದ ಸವಾರಿ, ಪಂಕ್ಚರ್ ಅಂಗಡಿ, ಫೋಟೊ ಎಲ್ಲ ಸೇರಿದವು. ಹೆಂಗಸರು ಮಾತ್ರ ಹೆಸರು ಕೊಟ್ಟರೂ ಸವಾರಿಗೆ ಬರುತ್ತಿರಲಿಲ್ಲ.

ನರ್ಸಮ್ಮ ನನ್ನ ಲ್ಯಾಪ್‌ಟಾಪ್ ಮುಂದೆ ಕುಳಿತು ಎಲ್ಲ ನೋಡಿದರು. "ಚಂದ ಐತಿ. ಆದ್ರ ನಡುದಾರ್ಯಾಗ ಹೆಣ್ಮಕ್ಕಳು ಒಂದಕ್ಕ ಎಲ್ಲಿ ಹೋಗಬೇಕು? ಅದನ್ನ ಹಾಕಿಲ್ಲಲ್ಲ."

"ಹಳ್ಳಿ ದಾರ್ಯಾಗ ಏನೈತ್ರಿ ಅಮ್ಮಾರ?" ಎಂದೆ.

"ಮನಿ ಅದಾವ. ಕೇಳೋಣು."

ಕೇಳುವ ಮೊದಲೇ, ಹೊಸದಾಗಿ ಕೊಂಡಿದ್ದ ಸೈಕಲ್ಲಿಗೆ ಜಾಲಿಮುಳ್ಳು ಚುಚ್ಚಿ, ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅವರ ಮಗ ನಮ್ಮ ಮನೆಗೆ ಬಂದ. "ಈ ವಯಸ್ಸಿನಾಗ ಯಾಕ್ರಿ ಟೀಚರ್ ಇದೆಲ್ಲ? ನೀವರ ಬ್ಯಾಡ ಅನ್ರಿ." ಅಂದೇ ಅವರ ಸೈಕಲ್ಲಿಗೆ ಬೀಗ ಬಿತ್ತು. ಬೇಡವೆನ್ನಲು ನಾನೂ ಹೋದೆ. ಅವರು ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟು, ಇನ್ನೊಂದರಲ್ಲಿ ಫೋನು ಹಿಡಿದು ಯಾವುದೋ ಹಳ್ಳಿಯವರೊಡನೆ ಮಾತಾಡುತ್ತಿದ್ದರು. "ನಿನ್ನ ಮಗಳು ಹುಟ್ಟೋವಾಗ ನಿಮ್ಮನಿ ಪಡಸಾಲ್ಯಾಗ ಕುಂತಿದ್ದೆ, ನೆನಪೈತಿಲ್ಲೋ? ಈಗ ಒಂದ್ ಚೊಂಬು ನೀರು ಕೇಳಾಕತ್ತೀನಿ. ಸೈಕಲ್ ಮ್ಯಾಲ ಬರೋ ಹೆಣ್ಮಕ್ಕಳಿಗೆ." ನಾನು ಮನೆಗೆ ಹೋಗಿ ಲ್ಯಾಪ್‌ಟಾಪ್ ತಂದು ಅವರ ಪಕ್ಕ ಕುಳಿತೆ.

ಹೊಸಹಳ್ಳಿಯಲ್ಲಿ, ಹಲವಾಗಲಿನಲ್ಲಿ, ಉಚ್ಚಂಗಿದುರ್ಗದ ದಾರಿಯಲ್ಲಿ... ಒಪ್ಪಿದ ಪ್ರತಿ ಮನೆಗೂ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆ ಇಟ್ಟೆ. ಕೆಲವರು "ಗೊತ್ತಿಲ್ಲದವರು ಬ್ಯಾಡ್ರಿ" ಎಂದರು. "ಆತು ಬಿಡಪ್ಪಾ" ಎಂದು ನರ್ಸಮ್ಮ ಪಕ್ಕದ ಮನೆಗೆ ಫೋನು ಮಾಡುತ್ತಿದ್ದರು.

ಪ್ಲಾಸ್ಟರ್ ತೆಗೆದು ಕೈ ಹಿಡಿತಕ್ಕೆ ಬಂದ ಮೇಲೆ ಮಗನೊಡನೆ ಅದೇನು ಮಾತಾಡಿದರೋ, ಬೀಗ ತೆರೆಯಿತು. ಕೂಡ್ಲಿಗಿಯಿಂದ ಹೊಸಹಳ್ಳಿ ಕಡೆಗೆ ಹೆಂಗಸರ ಮೊದಲ ಸವಾರಿ ಹೊರಟಿತು. ಮಗ ಮುಖ ಗಂಟಿಕ್ಕಿಕೊಂಡು ಬೈಕಿನಲ್ಲಿ ಹಿಂದೆ ಹಿಂದೆಯೇ ಬಂದ. ನೀಲಿ ಚುಕ್ಕೆಯ ಮನೆಯಾಕೆ ಬಾಗಿಲಲ್ಲಿ ಕೊಡ ತುಂಬಿಟ್ಟು ಕಾಯುತ್ತಿದ್ದಳು. ನರ್ಸಮ್ಮ ಸೈಕಲ್ ಇಳಿದು, ಎಲ್ಲರೂ ಕುಡಿದ ಮೇಲೆ ತಾವು ಕುಡಿದರು. ಮಗನಿಗೂ ಒಂದು ಚೊಂಬು ಕೊಡಿಸಿದರು. ಅವನು ತಲೆ ತಗ್ಗಿಸಿ ನಕ್ಕಿದ್ದನ್ನು ಅಂದೇ ನಾನು ಮೊದಲು ನೋಡಿದ್ದು.

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ತಿಥಿ ಮುಗಿದ ಮೇಲೆ ಮಗ ಬಂದ. "ನಕ್ಷಿಯಾಗ ನಮ್ಮನಿನೂ ಐತಂತಲ್ರಿ?" ತೆಗೆಯಲು ಹೇಳುತ್ತಾನೇನೋ ಎಂದುಕೊಂಡೇ ಹೌದೆಂದೆ. "ತಗೀಬ್ಯಾಡ್ರಿ. ನಾನಿಲ್ಲಂದ್ರ ನನ್ನ ಹೆಂಡ್ತಿ ಇರ್ತಾಳ."

ಈ ಭಾನುವಾರ ಹಡಗಲಿ ಕಡೆಯ ಇಬ್ಬರು ಹುಡುಗಿಯರು ಎದುರು ಮನೆ ಮುಂದೆ ಸೈಕಲ್ ನಿಲ್ಲಿಸಿದರು. ಸೊಸೆ ಒಳಗೆ ಕರೆದಳು. ಮುಖ ತೊಳೆದು, ನೀರು ಕುಡಿದು, "ಬರ್ತೀವಕ್ಕಾ" ಎಂದು ಹೊರಟರು. ಅವರಿಗೆ ನರ್ಸಮ್ಮ ಯಾರೆಂದು ಗೊತ್ತಿಲ್ಲ. ಹೇಳೋಣವೆಂದು ನಾನು ಚಪ್ಪಲಿ ಮೆಟ್ಟಿ ಹೊರಬರುವಷ್ಟರಲ್ಲಿ ಅವರು ಓಣಿಯ ತಿರುವು ದಾಟಿದ್ದರು.