ಕೌಬಾಯ್ ಎದುರು ಕೂತ ಅರ್ಥಧಾರಿ

ಕುವೈತಿನ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಊಟದ ನಂತರ ಹಳೆಯ ಕೌಬಾಯ್ ಸಿನಿಮಾ ನೋಡುವುದು ರೂಢಿ. ರೂಢಿ ಹಾಕಿದವರು ಎದುರು ಫ್ಲ್ಯಾಟಿನ ತುಳುವ ಹಿರಿಯರು, ರಾಯ್ ಕೈಗಾರಿಕಾ ಪ್ರದೇಶದ ಗ್ಯಾರೇಜೊಂದರ ಫೋರ್‌ಮನ್. ತೆರೆಯಲ್ಲಿ ಕುದುರೆ ಓಡಿದರೆ ಅವರ ಕಾಲೂ ಅಲುಗುತ್ತದೆ. ಯಾವ ಬಂಡೆಯ ಹಿಂದೆ ಯಾರು ಅಡಗಿದ್ದಾರೆಂದು ಮೊದಲೇ ಹೇಳಿಬಿಡುತ್ತಾರೆ.

ಆ ಶುಕ್ರವಾರ ನನ್ನ ಮಗಳೂ ನೋಟ್‌ಬುಕ್ ಹಿಡಿದು ಕೂತಿದ್ದಳು. ಇಂಥ ಸಿನಿಮಾ ಅಮೆರಿಕದ ಪಶ್ಚಿಮದ ಚರಿತ್ರೆಯನ್ನು ಎಷ್ಟು ನಿಜವಾಗಿ ಹೇಳುತ್ತದೆ ಎಂದು ಭಾನುವಾರ ತರಗತಿಯಲ್ಲಿ ಐದು ನಿಮಿಷ ಮಾತಾಡಬೇಕಿತ್ತು. ಕಾಗದ ನೋಡುವಂತಿಲ್ಲ. ಹಿಂದಿನ ಸಲ ಎದ್ದು ನಿಂತವಳು ಎರಡು ವಾಕ್ಯ ಹೇಳಿ ಕೂತುಬಿಟ್ಟಿದ್ದಳು. ಈ ಸಲವೂ ಹಾಗಾದರೆ ಎಂಬ ಭಯ.

ವಿಷಯ ಅವಳಿಗೆ ಗೊತ್ತಿತ್ತು. ಆ ನೆಲ ಖಾಲಿ ಇರಲಿಲ್ಲ. ಮೂಲನಿವಾಸಿಗಳಲ್ಲಿ ಬೇಸಾಯಗಾರರೂ ಇದ್ದರು, ಅವರೊಂದಿಗಿನ ಒಪ್ಪಂದಗಳನ್ನು ಸರ್ಕಾರವೇ ಮುರಿದಿತ್ತು. ಕೌಬಾಯ್‌ಗಳಲ್ಲಿ ಕರಿಯರೂ ಮೆಕ್ಸಿಕನ್ನರೂ ಇದ್ದರು. ನಾವು ನೋಡುತ್ತಿದ್ದ ಸಿನಿಮಾದಲ್ಲಿ ಇದ್ಯಾವುದೂ ಇಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವ ನಾನು ಅಭ್ಯಾಸಬಲದಿಂದ ಅವಳ ಟಿಪ್ಪಣಿಯ ತಪ್ಪುಗಳಿಗೆಲ್ಲ ಕೆಂಪು ಗುರುತು ಹಾಕಿ ಕೊಟ್ಟೆ. ಅವಳ ಭಯ ಅದರಿಂದ ಕಡಿಮೆಯಾಗಲಿಲ್ಲ.

ತೆರೆಯಲ್ಲಿ ಮುಖಕ್ಕೆ ಬಣ್ಣ ಬಳಿದ ಮೂಲನಿವಾಸಿಗಳು ಕೂಗುತ್ತಾ ಗುಡ್ಡ ಇಳಿದು, ಗುಂಡು ತಿಂದು, ಕುದುರೆಯಿಂದ ಉರುಳಿದರು. ಇವರು ಯಾಕೆ ಮಾತೇ ಆಡುವುದಿಲ್ಲ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

ಹಿರಿಯರು ಸಿನಿಮಾ ನಿಲ್ಲಿಸಿದರು. ಇಷ್ಟು ವರ್ಷಗಳಲ್ಲಿ ಅದೇ ಮೊದಲು.

"ಹೌದಲ್ಲ ಮಾರಾಯ್ತಿ. ನಮ್ಮ ಯಕ್ಷಗಾನದ ಆಟದಲ್ಲಿ ರಾಕ್ಷಸನಿಗೂ ಅರ್ಥ ಹೇಳ್ಲಿಕ್ಕೆ ಬಿಡ್ತಾರೆ. ಇವರಿಗೆ ಒಂದು ಮಾತೂ ಕೊಡ್ಲಿಲ್ಲ."

"ದೇ ಆರ್ ನಾಟ್ ರಾಕ್ಷಸಾಸ್, ಅಂಕಲ್."

"ಅದೂ ಸರಿಯೇ."

ಊರಿನಲ್ಲಿ ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ ಕೂತು, ಪಾತ್ರದ ಪರವಾಗಿ ಸ್ಥಳದಲ್ಲೇ ಮಾತು ಕಟ್ಟುವ ಕಲೆ ಅದು. ಅಲ್ಲೂ ಕಾಗದ ಹಿಡಿಯುವಂತಿಲ್ಲ. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ, ನೀನು ಕೌಬಾಯ್, ನಾನು ಆ ಜನರ ನಾಯಕ ಎಂದು ಸಾರಿದರು.

"ಈ ಜಾಗ ಖಾಲಿ ಉಂಟು ಅಂತ ನಿಂಗೆ ಹೇಳಿದ್ದು ಯಾರು?"

ಅವಳು ಇಂಗ್ಲಿಷಿನಲ್ಲಿ, ಅವರು ಕನ್ನಡದಲ್ಲಿ. ಬೇಲಿ ಹಾಕಿದ್ದೇನೆ ಎಂದಳು. ಬೇಲಿಯ ಕಂಬ ಯಾರ ಕಾಡಿನದು ಎಂದರು. ಮೂರು ಸಲ ಸೋತವಳು ಪಾತ್ರ ಬದಲಿಸಲು ಹಠ ಹಿಡಿದಳು. ನಾಯಕಿಯಾದ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಗಡಿಯಾರ ನೋಡಿದೆ: ಹನ್ನೊಂದು ನಿಮಿಷ. ಚಹಾ ಆರಿತ್ತು.

"ಖಲಾಸ್, ನಾನು ವಾಪಸ್ ಹೋಗ್ತೇನೆ. ನನ್ನ ಕುದುರೆ ಎಲ್ಲುಂಟು?" ಎಂದು ಹಿರಿಯರು ಸೋಫಾದ ಕೆಳಗೆ ಬಗ್ಗಿ ಹುಡುಕಿದರು.

ಭಾನುವಾರ ಅವಳು ಪಕ್ಕದ ಬೆಂಚಿನ ಹುಡುಗಿಯನ್ನೇ ಕೌಬಾಯ್ ಮಾಡಿ, ನಾಯಕಿಯಾಗಿ ವಾದಿಸಿದಳಂತೆ. ಐದು ನಿಮಿಷ ದಾಟಿದ ಮೇಲೆ ಟೀಚರ್ ಕೂರಿಸಬೇಕಾಯಿತು.

ಮುಂದಿನ ಶುಕ್ರವಾರ ಮತ್ತೆ ಕುದುರೆಗಳು ಓಡಿದವು, ಹಿರಿಯರ ಕಾಲೂ ಅಲುಗಿತು. ಬಣ್ಣ ಬಳಿದವರು ಗುಡ್ಡದ ಮೇಲೆ ಕಾಣಿಸಿದ ಕೂಡಲೇ ಅವರು ರಿಮೋಟನ್ನು ಅವಳ ಕೈಗೆ ಕೊಟ್ಟರು. ಅವಳು ಸಿನಿಮಾ ನಿಲ್ಲಿಸಿ, ಎದ್ದು ನಿಂತಳು.