‘ಕಲ್’ ಅಂದರೆ ಯಾವತ್ತು?

ಜೂನ್ 12, ಬೆಳಗ್ಗೆ 10.20. ಮುಂಬೈ ಜೋಗೇಶ್ವರಿಯ ನಮ್ಮ ಬ್ಯಾಗ್ ಕಾರ್ಖಾನೆ. ಹೊಲಿಗೆಯ ಮೆಹಬೂಬ್ ಚಾಚಾ ನನ್ನ ಮೇಜಿನ ಮುಂದೆ ನಿಂತಿದ್ದರು. ಅವರನ್ನು ಆಗಷ್ಟೇ ಕೆಲಸದಿಂದ ತೆಗೆದಿದ್ದರು.

ತೆಗೆದದ್ದು ಮಾಲೀಕರು. ಹೆಸರು ಕೊಟ್ಟದ್ದು ನನ್ನ ಆ್ಯಪ್.

ಹೌದು, ನಾನೇ ಮಾಡಿದ ಆ್ಯಪ್. ಓದಿದ್ದು ಬಿ.ಕಾಂ., ಕೋಡಿಂಗ್‌ನ ಗಂಧಗಾಳಿ ಇಲ್ಲ. ಈಗ ಅದು ಯಾರಿಗೆ ಬೇಕು? ಎಐಗೆ ಒಂದೊಂದಾಗಿ ಹೇಳುತ್ತಾ ಹೋದೆ, ಹನ್ನೊಂದು ದಿನದಲ್ಲಿ ಹಾಜರಿ ಆ್ಯಪ್ ರೆಡಿ. 41 ಕೆಲಸಗಾರರು. ರಜೆಯ ಹಿಂದಿನ ದಿನವೋ ಮರುದಿನವೋ ಹಿಂದಿಯಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದರೆ ಸಾಕು. ಹೇಳದೆ ಮೂರು ಸಲ ತಪ್ಪಿಸಿದರೆ ಹೆಸರು ಕೆಂಪು. (ಮಾಲೀಕರು ಎಲ್ಲರಿಂದ ಚಪ್ಪಾಳೆ ತಟ್ಟಿಸಿದ್ದರು. ಅದೂ ನನ್ನ ಡೈರಿಯಲ್ಲಿದೆ.)

“ನೋಡವಾ, ಮೂರು ಸಲಾನೂ ಹಿಂದಿನ ದಿನಾನ ಹೇಳೀನಿ. ಹೆಂಡ್ತೀನ ದವಾಖಾನಿಗೆ ಒಯ್ಯೂದಿತ್ತು,” ಅಂದರು ಚಾಚಾ. ಸಿಂದಗಿ ಕಡೆಯವರು, ನನ್ನೊಡನೆ ಮಾತ್ರ ಕನ್ನಡ.

“ಆ್ಯಪ್‌ನಲ್ಲಿ ಇಲ್ಲ ಚಾಚಾ.”

“ನಿನ್ನ ಆ್ಯಪಿಗೆ ಕಿವಿ ಇಲ್ಲೇನು?”

ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಲ್ಯಾಪ್‌ಟಾಪ್ ಅವರತ್ತ ತಿರುಗಿಸಿದೆ. ಅವರಿಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ತಿರುಗಿಸಿದೆ. ಅವರು ಒಂದು ಕ್ಷಣ ಅದನ್ನೇ ನೋಡಿ, ಹೊರಟುಹೋದರು.

ಮೂರು ದಿನದ ನಂತರ, ಯಾಕೋ ಮನಸ್ಸು ತಡೆಯದೆ, ಆಫೀಸಿನ ಫೋನಿನಲ್ಲಿದ್ದ ಎಲ್ಲ 63 ಮೆಸೇಜ್ ಕೇಳಿದೆ. ಚಾಚಾರದು ಮೂರು. ಮೂರರಲ್ಲೂ ಒಂದೇ ಮಾತು: “ಕಲ್ ಛುಟ್ಟಿ, ಮೇಡಂ.”

‘ಛುಟ್ಟಿ’ ಅಂದರೆ ರಜೆ; ಹಿಂದಿಯ ‘ಕಲ್’ ಮಾತ್ರ ನಿನ್ನೆಯೂ ಹೌದು, ನಾಳೆಯೂ ಹೌದು. ಆ್ಯಪ್ ಕಟ್ಟುವಾಗ ಎಐ ನನ್ನನ್ನು ಕೇಳಿತ್ತು, ಯಾವುದೆಂದು ತಿಳಿಯಲಿ? ನಮ್ಮವರೆಲ್ಲ ರಜೆ ಹಾಕಿದ ಮೇಲೆಯೇ ಹೇಳುವವರು. ‘ನಿನ್ನೆ’ ಎಂದು ಟೈಪ್ ಮಾಡಿ ಚಹಾ ಕುಡಿಯಲು ಎದ್ದಿದ್ದೆ. ಚಾಚಾ ನಾಳೆಗೆಂದು ಹೇಳಿದ ರಜೆಯನ್ನು ಆ್ಯಪ್ ಮೂರು ಸಲವೂ ನಿನ್ನೆಗೆ ಬರೆದುಕೊಂಡಿತ್ತು. 41 ಜನರಲ್ಲಿ ಮುಂಚಿತವಾಗಿ ಹೇಳುತ್ತಿದ್ದವರು ಒಬ್ಬರೇ. ಹೇಳದೆ ಹೋದವರೆಂದು ಕೆಂಪಾದವರೂ ಅವರೊಬ್ಬರೇ.

ಚಾಚಾ ನನ್ನೆದುರು ನಿಂತಿದ್ದಾಗಲೇ ಆ ಮೆಸೇಜ್ ಹಾಕಿ ಕೇಳಬಹುದಿತ್ತಲ್ಲ? ಅರ್ಧ ನಿಮಿಷದ ಕೆಲಸ. ಮನುಷ್ಯ ಸುಳ್ಳು ಹೇಳಿಯಾನು, ನಾನು ಮಾಡಿದ್ದು ತಪ್ಪಲಾರದು ಅಂದುಕೊಂಡೆ. (ನನ್ನಂಥ ಆಫೀಸಿನವರ ಹಾಜರಿ ಆ ಆ್ಯಪ್‌ನಲ್ಲಿ ಇಲ್ಲವೇ ಇಲ್ಲ.)

ಆ್ಯಪ್ ಸರಿಪಡಿಸಲು ನಾಲ್ಕು ನಿಮಿಷ ಹಿಡಿಯಿತು. ಮಾಲೀಕರು “ವಾಪಸ್ ಕರೆಸು” ಅಂದರು. ಫೋನ್ ಒಂಬತ್ತು ಸಲ ಮಾಡಿದೆ, ಸ್ವಿಚ್ಡ್ ಆಫ್. ಧಾರಾವಿಯ ಅವರ ಖೋಲಿಗೆ ಎರಡು ಸಲ ಹೋದೆ. ಬೀಗ. “ಬೀವೀ ಕೋ ಲೇಕೆ ಗಯಾ. ಕಿಧರ್, ಬೋಲಾ ನಹೀ,” ಅಂದರು ಪಕ್ಕದವರು. ಹೆಂಡತಿಯನ್ನು ಕರೆದುಕೊಂಡು ಹೋದರಂತೆ, ಎಲ್ಲಿಗೆಂದು ಹೇಳಲಿಲ್ಲವಂತೆ.

ಮೆಹಬೂಬ್ ಚಾಚಾ, ಐವತ್ತರ ಮೇಲಿನ ವಯಸ್ಸು, ಎಡಗೈಯಲ್ಲಿ ಕತ್ತರಿ ಹಿಡಿಯುತ್ತಾರೆ. ಈಗ ಎಲ್ಲಿ ಹೊಲಿಯುತ್ತಿದ್ದಾರೆಂದು ಬಲ್ಲವರು ದಯವಿಟ್ಟು ಈ ಅಂಕಣಕ್ಕೆ ಬರೆಯಿರಿ. ಅವರು ಮೂರು ಸಲವೂ ಹೇಳಿದ್ದರು ಎಂದು ನಾನು ಅವರಿಗೆ ಹೇಳಬೇಕಿದೆ.